ಅಪರಿಚಿತ ಕಾಡುಗಿಡ-ಮರಗಳ ಗುರುತಿಸುವಿಕೆ: ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಯಲ್ಲಿ ತಾನಾಗಿ ಬೆಳೆಯುವ ಮರ, ಕಂಟಿ, ಬಳ್ಳಿ ಹಾಗೂ ಕಳೆಗಳನ್ನು ಅವುಗಳ ಹೊರಲಕ್ಷಣಗಳಿಂದ ಗುರುತಿಸುವ ಕ್ರಮ. ಮಲೆನಾಡಿನ ಅಂಚೂ ಬಯಲುಸೀಮೆಯ ಆರಂಭವೂ ಇಲ್ಲಿ ಕೂಡುತ್ತವೆ. ಆದ್ದರಿಂದ ಎರಡೂ ಕಡೆಯ ಸಸ್ಯಗಳು ಕಡಿಮೆ ಅಂತರದಲ್ಲಿ ಸಿಗುತ್ತವೆ, ಒಂದನ್ನು ಇನ್ನೊಂದೆಂದು ತಿಳಿಯುವ ಸಂದರ್ಭಗಳೂ ಹೆಚ್ಚು. ಸರಿಯಾದ ಗುರುತಿಗೆ ಒಂದೇ ಲಕ್ಷಣ ಸಾಲದು. ನೆಲೆ, ಎಲೆ, ತೊಗಟೆ, ಹೂ, ಕಾಯಿ ಮತ್ತು ಊರಿನವರು ಹೇಳುವ ಹೆಸರು ಒಂದಕ್ಕೊಂದು ಹೊಂದಿದಾಗ ಮಾತ್ರ ಗುರುತು ಖಚಿತವಾಗುತ್ತದೆ.

ನೆಲೆ

1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆ ರೂಪುಗೊಂಡಿತು. ಹಾನಗಲ್ಲ ಮತ್ತು ಶಿಗ್ಗಾಂವಿಯ ಪಶ್ಚಿಮ ಭಾಗಗಳು ಉತ್ತರ ಕನ್ನಡದ ಮುಂಡಗೋಡ ಸೀಮೆಗೆ ಹೊಂದಿಕೊಂಡಿವೆ. ಅಲ್ಲಿ ಮಳೆ ಹೆಚ್ಚು. ಭತ್ತದ ಗದ್ದೆ, ಕೆರೆ, ಮಾವಿನ ತೋಪುಗಳ ನಡುವೆ ಎಲೆ ಉದುರುವ ತೇವದ ಕಾಡಿನ ಮರಗಳು ಕಾಣುತ್ತವೆ. ಪೂರ್ವಕ್ಕೆ ಸವಣೂರಿನತ್ತ ಸಾಗಿದಂತೆ ಮಳೆ ಕಡಿಮೆಯಾಗಿ ಎರೆಭೂಮಿ ಹರಡಿಕೊಳ್ಳುತ್ತದೆ, ಜಾಲಿ ಮತ್ತು ಬೇವು ಮುಂದಾಗುತ್ತವೆ. ಹಿರೇಕೆರೂರು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಸೀಮೆಗೆ ತಾಗಿದೆ. ಅದರ ಮಸಾರಿ ಗುಡ್ಡಗಳಲ್ಲಿ ಒಣ ಎಲೆಯುದುರುವ ಕಾಡೂ ಕುರುಚಲೂ ಬೆರೆತಿವೆ. ಕುಮುದ್ವತಿ ನದಿ ಹರಿಯುವ ಮದಗ-ಮಾಸೂರಿನ ಕೆರೆ ಸುತ್ತಲಿನ ಗುಡ್ಡಗಳು ಇದೇ ಬಗೆಯವು. ಹಿಂದೆ ಹಿರೇಕೆರೂರಿನ ಭಾಗವಾಗಿದ್ದ ರಟ್ಟೀಹಳ್ಳಿ ಈಗ ಪ್ರತ್ಯೇಕ ತಾಲ್ಲೂಕು. ಹಾನಗಲ್ಲ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿ ವರದೆಯನ್ನು ಸೇರುತ್ತದೆ. ಹೊಳೆದಂಡೆಯ ಸಸ್ಯಗಳು ಸುತ್ತಲಿನ ಹೊಲದಂಚಿನವುಗಳಿಗಿಂತ ಬೇರೆಯಾಗಿರುತ್ತವೆ.

ಗಿಡ ಸಿಕ್ಕ ಜಾಗವನ್ನು ಮೊದಲು ಬರೆದುಕೊಳ್ಳಬೇಕೆನ್ನುವುದು ಇದಕ್ಕಾಗಿಯೇ. ಎರೆ, ಮಸಾರಿ, ಹಳ್ಳದ ದಂಡೆ, ಹೊಲದ ಬದು, ಗಾಯರಾಣ (ಊರಿನ ಗೋಮಾಳ), ದೇವರ ಬನ - ಇವುಗಳಲ್ಲಿ ಯಾವುದೆಂದು ಗೊತ್ತಾದರೆ ಅರ್ಧದಷ್ಟು ಸಂಶಯಗಳು ಅಲ್ಲೇ ತೀರುತ್ತವೆ.

ಎಲೆಯ ಲಕ್ಷಣಗಳು

ವರ್ಷದ ಬಹುಭಾಗ ಕೈಗೆ ಸಿಗುವುದು ಎಲೆ. ಮೊದಲು ನೋಡಬೇಕಾದದ್ದು ರೆಂಬೆಯ ಮೇಲೆ ಅದರ ಜೋಡಣೆ. ತೇಗ, ನೇರಳೆ, ಶ್ರೀಗಂಧ, ಕಾಸರಕಗಳಲ್ಲಿ ಎಲೆಗಳು ಎದುರುಬದುರಾಗಿ ಜೋಡಿಯಾಗಿವೆ. ಮಾವು, ಅರಳಿ, ಮುತ್ತುಗ, ಬೀಟೆಗಳಲ್ಲಿ ಒಂದಾದ ಮೇಲೊಂದು ಬದಲುಬದಲಾಗಿ ಬರುತ್ತವೆ. ಹಿಪ್ಪೆಯಲ್ಲಿ ಅವು ರೆಂಬೆಯ ತುದಿಯಲ್ಲಿ ಗೊಂಚಲಾಗಿ ಸೇರುತ್ತವೆ.

ಎರಡನೆಯದು ಬಿಡಿ ಎಲೆಯೋ ಸಂಯುಕ್ತ ಎಲೆಯೋ ಎಂಬ ನಿರ್ಧಾರ. ಹೊಸಬರು ಹೆಚ್ಚು ತಪ್ಪುವುದು ಇಲ್ಲಿ. ಎಲೆಯ ತೊಟ್ಟು ರೆಂಬೆಗೆ ಸೇರುವ ಕಂಕುಳಲ್ಲಿ ಮೊಗ್ಗು ಇರುತ್ತದೆ. ಉಪಪತ್ರದ ಬುಡದಲ್ಲಿ ಅದು ಇರುವುದಿಲ್ಲ. ಮೊಗ್ಗನ್ನು ಹುಡುಕಿದರೆ ಎಲೆ ಎಲ್ಲಿಂದ ಆರಂಭವಾಗುತ್ತದೆಂದು ತಿಳಿಯುತ್ತದೆ. ಈ ಪರೀಕ್ಷೆಯಿಂದ ಬೇವಿನ ಇಡೀ ಕಡ್ಡಿ ಒಂದೇ ಎಲೆಯೆಂದು ಸ್ಪಷ್ಟವಾಗುತ್ತದೆ. ಬೇವಿನ ಎಲೆ ಒಂದು ಸಲ ಮಾತ್ರ ಕವಲೊಡೆದಿದ್ದರೆ, ಹೆಬ್ಬೇವು ಮತ್ತು ಹುಚ್ಚುಬೇವಿನ ಎಲೆಗಳು ಎರಡು ಮೂರು ಸಲ ಕವಲೊಡೆಯುತ್ತವೆ. ಇಷ್ಟರಿಂದಲೇ ಈ ಗುಂಪನ್ನು ದೂರದಿಂದ ಬೇರ್ಪಡಿಸಬಹುದು.

ಎಲೆಯನ್ನು ತಿಕ್ಕಿ ನೋಡುವುದೂ ಉಪಯುಕ್ತ. ತೇಗದ ಎಳೆಯ ಎಲೆಯನ್ನು ಬೆರಳಲ್ಲಿ ಉಜ್ಜಿದರೆ ಕೆಂಪು ಬಣ್ಣ ಅಂಟುತ್ತದೆ. ಬೇಲ ಮತ್ತು ಬಿಲ್ವದ ಎಲೆಗಳು ಸುವಾಸನೆ ಬೀರುತ್ತವೆ. ಬೆಳಕಿಗೆ ಹಿಡಿದರೆ ಅವುಗಳಲ್ಲಿ ತೈಲಗ್ರಂಥಿಗಳ ಸಣ್ಣ ಚುಕ್ಕೆಗಳು ಕಾಣುತ್ತವೆ. ವಾಸನೆ ನೋಡಬಹುದು, ಆದರೆ ಗುರುತು ಸಿಗದ ಸಸ್ಯವನ್ನು ಬಾಯಿಗಿಟ್ಟು ಪರೀಕ್ಷಿಸಬಾರದು.

ತೊಗಟೆ, ಹಾಲು, ಮುಳ್ಳು

ಬೇಸಿಗೆಯಲ್ಲಿ ಎಲೆ ಉದುರಿದ ಕಾಡಿನಲ್ಲಿ ತೊಗಟೆಯೇ ಆಧಾರ. ಕರಿಮತ್ತಿಯ ಕಪ್ಪು ತೊಗಟೆ ಆಳವಾಗಿ ಬಿರಿದು ಮೊಸಳೆಯ ಬೆನ್ನಿನಂತೆ ಚೌಕಚೌಕವಾಗಿರುತ್ತದೆ. ಅದೇ ಕುಲದ ಹೊಳೆಮತ್ತಿ ನೀರಿನ ದಂಡೆಯದು; ಅದರ ತೊಗಟೆ ನುಣುಪು, ತಿಳಿಬಣ್ಣ, ಚಕ್ಕೆಯಾಗಿ ಏಳುತ್ತದೆ. ಎರಡರ ಕಾಯಿಗೂ ಐದು ರೆಕ್ಕೆಗಳಿರುವುದರಿಂದ ಕಾಯಿಯೊಂದನ್ನೇ ನೋಡಿ ತೀರ್ಮಾನಿಸಿದರೆ ತಪ್ಪುತ್ತದೆ. ದಿಂಡಿಗದ ತೊಗಟೆ ಬೂದಿಬಣ್ಣದ್ದು, ನಯವಾದದ್ದು. ಹೂಗಳು ಸಣ್ಣ ಗುಂಡು ಗೊಂಚಲುಗಳಲ್ಲಿ ಬರುತ್ತವೆ. ನಂದಿ ಮರದ ತಿಳಿ ತೊಗಟೆ ಉದ್ದುದ್ದ ಪದರಗಳಾಗಿ ಸುಲಿಯುತ್ತದೆ. ಹೊನ್ನೆಯ ತೊಗಟೆಗೆ ಗಾಯವಾದರೆ ಕೆಂಪು ಅಂಟು ಒಸರುತ್ತದೆ. ಗುರುತಿಗೆಂದು ಮರವನ್ನು ಕೊಚ್ಚುವ ಅಗತ್ಯವಿಲ್ಲ, ಹಳೆಯ ಗಾಯದ ಗುರುತೇ ಸಾಕು.

ಆಲ, ಅರಳಿ, ಅತ್ತಿ, ಬಸರಿ, ಗೋಣಿ ಮರಗಳು ಒಂದೇ ಕುಲದವು. ಎಲ್ಲದರಲ್ಲೂ ಬಿಳಿ ಹಾಲಿದೆ, ಎಳೆಯ ರೆಂಬೆಯ ಗೆಣ್ಣಿನಲ್ಲಿ ಉಂಗುರದಂಥ ಗುರುತಿದೆ. ಆಲಕ್ಕೆ ಬಿಳಲು, ಅರಳಿಗೆ ಎಲೆಯ ನೀಳ ತುದಿ, ಅತ್ತಿಗೆ ಕಾಂಡದ ಮೇಲೆಯೇ ಗೊಂಚಲಾಗಿ ಬಿಡುವ ಹಣ್ಣು ವಿಶೇಷ ಲಕ್ಷಣ.

ಮುಳ್ಳಿನ ಮರಗಳಲ್ಲಿ ಮುಳ್ಳು ಎಲ್ಲಿಂದ ಹುಟ್ಟಿದೆ ಎಂಬುದು ನಿರ್ಣಾಯಕ. ಕರಿಜಾಲಿಯಲ್ಲಿ ಎಲೆಯ ಬುಡದ ಎರಡೂ ಬದಿಗೆ ನೇರವಾದ ಜೋಡಿ ಮುಳ್ಳುಗಳಿವೆ. ಬನ್ನಿಯ ಮುಳ್ಳುಗಳು ಗೆಣ್ಣಿಗೆ ಸೀಮಿತವಾಗದೆ ರೆಂಬೆಯುದ್ದಕ್ಕೂ ಚದುರಿವೆ. ಬಳ್ಳಾರಿ ಜಾಲಿಯಲ್ಲಿ ಅವು ಎಲೆಯ ಕಂಕುಳಿನವು.

ಗೊಂದಲಕ್ಕೆ ಕಾರಣವಾಗುವ ಸಸ್ಯಗಳು

ಜಾಲಿ ಮತ್ತು ಬನ್ನಿ: ಕರಿಜಾಲಿಗೆ ಹಳದಿ ಗುಂಡುಹೂ, ಬೀಜಬೀಜದ ನಡುವೆ ಬಿಗಿದು ಮಣಿಸರದಂತಾದ ಬೂದುಬಣ್ಣದ ಕಾಯಿ. ಬಿಳಿಜಾಲಿಯ ತೊಗಟೆ ತಿಳಿಬಣ್ಣದ್ದು. ಮಳೆಗಾಲದ ಹೊತ್ತಿಗೆ ಕೆನೆಬಣ್ಣದ ಹೂಗೊಂಚಲುಗಳು ಮರದ ತುದಿ ತುಂಬುತ್ತವೆ. ಬನ್ನಿಯ ಹೂ ತೆಳ್ಳನೆಯ ಹಳದಿ ಕದಿರು, ಕಾಯಿ ಸಣ್ಣ ಕಡ್ಡಿಯಂಥದು. ಬಳ್ಳಾರಿ ಜಾಲಿಯ ಹೂವೂ ಕದಿರೇ. ಆದರೆ ಅದು ಅಮೆರಿಕ ಖಂಡದಿಂದ ಬಂದ ಗಿಡ, ಬುಡದಿಂದಲೇ ಹಲವು ಕವಲೊಡೆದು ಪೊದೆಯಾಗಿ ಹಬ್ಬುತ್ತದೆ. ವಿಜಯದಶಮಿಯಂದು ಪೂಜೆಗೊಳ್ಳುವ ಬನ್ನಿ ಈ ನೆಲದ್ದು. ಕುರುಚಲು ಸವರುವಾಗ ಇವೆರಡರ ಭೇದ ತಿಳಿಯದಿದ್ದರೆ ಕಳೆಯ ಜೊತೆಗೆ ಬನ್ನಿಯ ಎಳೆ ಸಸಿಗಳೂ ಹೋಗುತ್ತವೆ.

ಬೇಲ ಮತ್ತು ಬಿಲ್ವ: ಎರಡೂ ಮುಳ್ಳಿನ ಮರಗಳು, ಎರಡರ ಕಾಯಿಯ ಚಿಪ್ಪೂ ಗಟ್ಟಿ. ಬಿಲ್ವಕ್ಕೆ ಮೂರು ಉಪಪತ್ರಗಳ ಎಲೆ. ಹಣ್ಣಾದಾಗ ಹಳದಿಗೆ ತಿರುಗುವ ನುಣುಪು ಕಾಯಿ. ಬೇಲದ ಎಲೆಯಲ್ಲಿ ಸಾಮಾನ್ಯವಾಗಿ ಐದರಿಂದ ಏಳು ಉಪಪತ್ರಗಳು, ನಡುದಂಡಿಗೆ ಕಿರಿದಾದ ರೆಕ್ಕೆಯಂಚು, ಒರಟಾದ ಬೆಳ್ಳನೆಯ ಕಾಯಿ.

ಕೆಂಪುಹೂವಿನ ಮೂರು ಮರಗಳು: ಶಿವರಾತ್ರಿಯ ಆಸುಪಾಸಿನಲ್ಲಿ ಎಲೆಯುದುರಿದ ಮರಗಳು ಕೆಂಪಾಗಿ ಕಂಡರೆ ಮೂರು ಸಾಧ್ಯತೆಗಳಿವೆ. ಮುತ್ತುಗದ ಹೂ ಕೇಸರಿ, ಕೊಕ್ಕಿನಂತೆ ಬಾಗಿದ್ದು, ಬುಡದ ಬಟ್ಟಲು ಕಪ್ಪು ಮಖಮಲ್ಲಿನಂಥದು, ಮರಕ್ಕೆ ಮುಳ್ಳಿಲ್ಲ. ಹಾಲವಾಣಕ್ಕೂ ಮುತ್ತುಗದಂತೆ ಮೂರು ಉಪಪತ್ರದ ಎಲೆಯಿದೆ, ಆದರೆ ಕಾಂಡ ಮತ್ತು ರೆಂಬೆಗಳಲ್ಲಿ ಮುಳ್ಳುಗಳಿವೆ. ಬೂರುಗದ ಹೂವಿಗೆ ಐದು ದಪ್ಪ ಎಸಳುಗಳು, ತುಂಬಾ ಕೇಸರಗಳು. ಎಳೆಯ ಕಾಂಡದಲ್ಲಿ ಶಂಕುವಿನಾಕಾರದ ಮುಳ್ಳು. ಎಲೆ ಅಂಗೈಯಂತೆ ಹರಡಿದ್ದು.

ಕೊಡಸಿಗ ಮತ್ತು ಹಾಲೆ: ಎರಡೂ ಹಾಲಿರುವ, ಎದುರುಬದುರು ಎಲೆಯ ಚಿಕ್ಕ ಮರಗಳು. ಎರಡಕ್ಕೂ ಬಿಳಿಹೂ, ಜೋಡಿಯಾದ ನೀಳ ಕಾಯಿ. ಹಾಲೆಯ ಹೂವಿನೊಳಗೆ ಎಳೆಎಳೆಯಾದ ಅಂಚು ಕಾಣುತ್ತದೆ. ಅದರ ಎಳೆಯ ಜೋಡಿಕಾಯಿಗಳು ತುದಿಯಲ್ಲಿ ಕೂಡಿಕೊಂಡಿರುತ್ತವೆ. ಕೊಡಸಿಗದ ಹೂವಿನಲ್ಲಿ ಆ ಅಂಚಿಲ್ಲ, ಕಾಯಿಗಳು ಬಿಡಿಯಾಗಿ ಇಳಿಬೀಳುತ್ತವೆ. ಆಮಶಂಕೆಗೆ ಔಷಧವಾದ ಕುಟಜವೆಂದರೆ ಕೊಡಸಿಗ. ಅದರ ಬದಲು ಹಾಲೆಯ ತೊಗಟೆಯನ್ನು ಬಳಸಿದರೆ ಔಷಧ ಫಲಿಸುವುದಿಲ್ಲ.

ಸವಣೂರಿನ ದೊಡ್ಡ ಹುಣಸೆ

ಈ ಸೀಮೆಯಲ್ಲಿ ಅಪರಿಚಿತ ಮರದ ಗುರುತಿಗೆ ಅತ್ಯಂತ ಪ್ರಸಿದ್ಧ ನಿದರ್ಶನ ಸವಣೂರಿನ ದೊಡ್ಡಹುಣಸೆ ಮಠದ ಆವರಣದ ಮೂರು ಬೃಹತ್ ಮರಗಳು. ಜನ ಇವನ್ನು ದೊಡ್ಡ ಹುಣಸೆಯೆಂದು ಕರೆಯುತ್ತಾರೆ, ಮಠದ ಹೆಸರೂ ಅದರಿಂದಲೇ. ಕಾಯಿಯೊಳಗಿನ ಬಿಳಿ ತಿರುಳು ಹುಣಸೆಯಂತೆ ಹುಳಿ. ಆದರೆ ಮರ ಹುಣಸೆಯ ಜಾತಿಯದಲ್ಲ. ಆಫ್ರಿಕದ ಬಾವೋಬಾಬ್, ಶಾಸ್ತ್ರೀಯವಾಗಿ ಅಡಾನ್ಸೋನಿಯ ಡಿಜಿಟಾಟ. 18ನೆಯ ಶತಮಾನದಲ್ಲಿ ಸೆನೆಗಲ್‌ನಲ್ಲಿ ಈ ಮರವನ್ನು ಅಭ್ಯಸಿಸಿದ ಫ್ರೆಂಚ್ ಸಸ್ಯವಿಜ್ಞಾನಿ ಮಿಷೆಲ್ ಅಡಾನ್ಸನ್‌ನ ನೆನಪಿಗೆ ಕುಲಕ್ಕೆ ಆ ಹೆಸರು ಬಂದಿದೆ. ಇದೇ ಕುಲದ ಉಳಿದ ಪ್ರಭೇದಗಳು ಮಡಗಾಸ್ಕರ್ ಮತ್ತು ಆಸ್ಟ್ರೇಲಿಯದವು.

ಎಲೆಯನ್ನು ನೋಡಿದರೆ ಸಂಶಯಕ್ಕೆ ಎಡೆಯಿಲ್ಲ. ಹುಣಸೆಯ ಎಲೆಯಲ್ಲಿ ಕಡ್ಡಿಯ ಎರಡೂ ಬದಿಗೆ ಸಣ್ಣ ಉಪಪತ್ರಗಳ ಹತ್ತಾರು ಜೋಡಿಗಳಿವೆ. ಬಾವೋಬಾಬ್ ಎಲೆಯಲ್ಲಿ ಐದರಿಂದ ಏಳು ಉಪಪತ್ರಗಳು ಒಂದೇ ಬಿಂದುವಿನಿಂದ ಹರಡುತ್ತವೆ. ಈ ಲಕ್ಷಣದಲ್ಲಿ ಅದು ಬೂರುಗಕ್ಕೆ ಹತ್ತಿರ, ಎರಡೂ ದಾಸವಾಳದ ಕುಟುಂಬಕ್ಕೆ ಸೇರಿವೆ. ಕಾಂಡ ವಿಪರೀತ ದಪ್ಪ, ಒಳಮರ ಮೃದು ಮತ್ತು ನಾರುನಾರು. ಇಳಿಬಿದ್ದ ದೊಡ್ಡ ಬಿಳಿಹೂಗಳು ಸಂಜೆ ಅರಳುತ್ತವೆ; ಬಾವಲಿಗಳಿಂದ ಪರಾಗಸ್ಪರ್ಶ ನಡೆಯುತ್ತದೆ. ಮಖಮಲ್ಲಿನ ಹೊದಿಕೆಯ ಗಟ್ಟಿ ಕಾಯಿ ತೊಟ್ಟಿನಿಂದ ತೂಗುತ್ತದೆ. ಬೇಸಿಗೆಯಲ್ಲಿ ಮರ ಬೋಳಾಗುತ್ತದೆ.

ಈ ಮರಗಳಿಗೆ ಸಾವಿರಾರು ವರ್ಷವಾಗಿದೆಯೆಂಬ ನಂಬಿಕೆ ಊರಿನಲ್ಲಿದೆ. ಬಾವೋಬಾಬ್‌ನ ಕಾಂಡ ಒಳಗೆ ಟೊಳ್ಳಾಗುವುದರಿಂದಲೂ ಬೆಳವಣಿಗೆಯ ಉಂಗುರಗಳು ಅಸ್ಪಷ್ಟವಾಗಿರುವುದರಿಂದಲೂ ವಯಸ್ಸನ್ನು ಸುತ್ತಳತೆಯಿಂದ ನೇರವಾಗಿ ಲೆಕ್ಕಹಾಕಲಾಗದು. ಆಫ್ರಿಕದ ಹಳೆಯ ಮರಗಳ ವಯಸ್ಸನ್ನು ಇಂಗಾಲದ ಪರೀಕ್ಷೆಯಿಂದ ಕಂಡುಕೊಳ್ಳಲಾಗಿದೆ. 2023ರ ಮಳೆಗಾಲದಲ್ಲಿ ಸವಣೂರಿನ ಮೂರು ಮರಗಳಲ್ಲಿ ಒಂದು ಬುಡಮೇಲಾಯಿತು; ಅದನ್ನು ಮತ್ತೆ ನಿಲ್ಲಿಸಿ ಉಳಿಸಿಕೊಳ್ಳುವ ಪ್ರಯತ್ನ ನಡೆಯಿತು. ಮರದ ನಿಜವಾದ ಜಾತಿ ಗೊತ್ತಿದ್ದರೆ ಅದರ ಬೇರು, ನೀರು, ಮಣ್ಣಿನ ಅಗತ್ಯಗಳನ್ನು ಅರಿತು ಆರೈಕೆ ಮಾಡಲು ದಾರಿ ಸಿಗುತ್ತದೆ.

ಹೊರಗಿನಿಂದ ಬಂದ ಸಸ್ಯಗಳು

ದಾರಿಬದಿಯಲ್ಲಿ ಇಂದು ಕಣ್ಣಿಗೆ ಬೀಳುವ ಹಸಿರಿನಲ್ಲಿ ಬಹುಪಾಲು ಪರದೇಶದ್ದು. ಪಾರ್ಥೇನಿಯಂ ಅಥವಾ ಕಾಂಗ್ರೆಸ್ ಕಸ 1950ರ ದಶಕದಲ್ಲಿ ಪುಣೆಯ ಬಳಿ ಗಮನಕ್ಕೆ ಬಂದು ದೇಶವೆಲ್ಲ ಹಬ್ಬಿತು. ಹೂ ಬರುವ ಮುನ್ನ ನೆಲಕ್ಕಂಟಿದ ಅದರ ಸೀಳುಸೀಳಾದ ಎಲೆಗಳು ಗಜ್ಜರಿಯ ತಪ್ಪಲನ್ನು ಹೋಲುತ್ತವೆ. ಬರಿಗೈಯಲ್ಲಿ ಕಿತ್ತರೆ ಕೆಲವರಿಗೆ ಚರ್ಮದ ಉರಿ, ತುರಿಕೆ ಬರುತ್ತವೆ. ಇದನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಲಂಟಾನವನ್ನು ಚೌಕಾಕಾರದ ಕಾಂಡ, ಒರಟು ಎಲೆ, ತೀಕ್ಷ್ಣ ವಾಸನೆಗಳಿಂದ ತಿಳಿಯಬಹುದು. ನೆಡುತೋಪುಗಳಲ್ಲಿ ಕಾಣುವ ಆಸ್ಟ್ರೇಲಿಯದ ಅಕೇಶಿಯದಲ್ಲಿ ಎಲೆಯಂತೆ ತೋರುವುದು ಚಪ್ಪಟೆಯಾದ ಎಲೆತೊಟ್ಟು. ಅದರ ಎಳೆಯ ಸಸಿಯಲ್ಲಿ ಮಾತ್ರ ಜಾಲಿಯಂಥ ನಿಜವಾದ ಎಲೆಗಳು ಕಾಣಸಿಗುತ್ತವೆ.

ವಿಷಸಸ್ಯಗಳು

ಗುರುತಿನಲ್ಲಿ ತಪ್ಪಿದರೆ ಜೀವಕ್ಕೆ ಅಪಾಯವಿರುವ ಸಸ್ಯಗಳನ್ನು ಮೊದಲು ಕಲಿಯುವುದು ಒಳ್ಳೆಯದು. ದತ್ತೂರಿ ಎಂಬ ಹೆಸರು ಕನ್ನಡದಲ್ಲಿ ಸಾಮಾನ್ಯವಾಗಿ ಮುಳ್ಳೆಲೆಯ, ಹಳದಿ ಹೂವಿನ, ಹಳದಿ ಹಾಲಿನ ಗಿಡಕ್ಕೆ ಸಲ್ಲುತ್ತದೆ. ಅದರ ಬೀಜ ಸಾಸಿವೆಯನ್ನು ಹೋಲುತ್ತದೆ, ಆದರೆ ಸಾಸಿವೆ ನುಣುಪು, ಇದು ಒರಟು. ಈ ಬೀಜ ಬೆರೆತ ಸಾಸಿವೆ ಎಣ್ಣೆಯಿಂದ 1998ರಲ್ಲಿ ದೆಹಲಿಯಲ್ಲಿ ಮೈ ಬಾತುಕೊಳ್ಳುವ ಕಾಯಿಲೆ ಹರಡಿ ಹಲವರು ಸತ್ತರು. ತುತ್ತೂರಿಯಾಕಾರದ ಹೂ, ಮುಳ್ಳುಮುಳ್ಳು ಕಾಯಿಯ ಮದಗುಣಕಿ ಅಥವಾ ಉಮ್ಮತ್ತಿ ಬೇರೆಯೇ ಗಿಡ. ಅದರ ಎಲ್ಲ ಭಾಗಗಳೂ ವಿಷ. ತಿಂದವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಬುದ್ಧಿಭ್ರಮಣೆಯಾಗುತ್ತದೆ.

ಗುಲಗಂಜಿಯ ಕೆಂಪು-ಕಪ್ಪು ಬೀಜ ಮಕ್ಕಳನ್ನು ಸೆಳೆಯುತ್ತದೆ. ಜಗಿದು ನುಂಗಿದರೆ ಪ್ರಾಣಾಂತಿಕ. ಅಗ್ನಿಶಿಖೆಯ ಎಲೆಯ ತುದಿ ಸುರುಳಿಯಾಗಿ ಆಸರೆಗೆ ಸುತ್ತಿಕೊಳ್ಳುತ್ತದೆ. ಹೂವಿಲ್ಲದಾಗಲೂ ಈ ಗುರುತು ಸಾಕು, ಅದರ ಗೆಡ್ಡೆ ಕಡುವಿಷ. ಮಲೆನಾಡಂಚಿನ ಕಾಡಿನ ಕಾಸರಕವನ್ನು ಬುಡದಿಂದಲೇ ಸಾಗುವ ಮೂರರಿಂದ ಐದು ನರಗಳ ಹೊಳೆಯುವ ಎಲೆ, ಕಿತ್ತಳೆಯಂಥ ಹಣ್ಣು, ಚಪ್ಪಟೆ ಬೀಜಗಳಿಂದ ತಿಳಿಯಬೇಕು. ಬೀಜದಲ್ಲಿ ಸ್ಟ್ರಿಕ್ನಿನ್ ವಿಷವಿದೆ. ಕೇರು ಮರದ ಕಾಯಿಯ ರಸ ತಾಗಿದರೆ ಬೊಬ್ಬೆಗಳೇಳುತ್ತವೆ. ವಿಷದ ಸಂಶಯ ಬಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ತಿಂದ ಗಿಡದ ತುಂಡನ್ನೂ ಜೊತೆಗೊಯ್ದು ಆಸ್ಪತ್ರೆ ಸೇರಬೇಕು. ಅದರಿಂದ ವೈದ್ಯರಿಗೆ ವಿಷ ಯಾವುದೆಂದು ತಿಳಿಯಲು ನೆರವಾಗುತ್ತದೆ.

ಹೆಸರುಗಳು ಮತ್ತು ಊರಿನ ಅರಿವು

ಈ ಭಾಗದ ಮಾತಿನಲ್ಲಿ ಗಿಡವೆಂದರೆ ದೊಡ್ಡ ಮರವೂ ಆಗಬಹುದು. ಬೇವಿನ ಗಿಡ, ಹುಣಸಿ ಗಿಡ ಎನ್ನುವುದು ರೂಢಿ. ಮುಳ್ಳಿನ ಪೊದೆ ಕಂಟಿ, ಎಲೆ ತಪ್ಪಲು. ಒಂದೇ ಹೆಸರು ಎರಡು ಸಸ್ಯಗಳಿಗೂ, ಒಂದೇ ಸಸ್ಯಕ್ಕೆ ಹಲವು ಹೆಸರುಗಳೂ ಇರುವುದರಿಂದ ಹೆಸರಿನ ಜೊತೆಗೆ ಅದನ್ನು ಹೇಳಿದ ಊರನ್ನೂ ಬರೆದಿಡಬೇಕು. ಕುರಿ ಕಾಯುವವರು ಆಡು-ಕುರಿ ಮುಟ್ಟದ ತಪ್ಪಲನ್ನು ಬಲ್ಲರು. ಬೆರಕೆ ಸೊಪ್ಪು ಆಯುವ ಹೆಣ್ಣುಮಕ್ಕಳು ಹೂ ಬರುವ ಮುಂಚೆಯೇ ಗೋಣಿ, ಅಣ್ಣೆ, ಹೊನಗೊನೆ ಸೊಪ್ಪುಗಳನ್ನು ಬೇರ್ಪಡಿಸಬಲ್ಲರು. ಎಳೆಯ ಸಸ್ಯದ ಗುರುತು ಪುಸ್ತಕಗಳಲ್ಲಿ ವಿರಳ, ಈ ಅರಿವಿನಲ್ಲಿ ಸಮೃದ್ಧ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಮಿತಿಗಳು ಸಿದ್ಧಪಡಿಸಬೇಕಾದ ಜನತಾ ಜೀವವೈವಿಧ್ಯ ದಾಖಲೆಗೆ ಇಂಥ ತಿಳಿವಳಿಕೆಯೇ ಜೀವಾಳ.

ಶಾಸ್ತ್ರೀಯ ಹೆಸರಿಗೆ 1753ರ ಲಿನೇಯಸ್‌ನ ಗ್ರಂಥ ಬುನಾದಿ. ಸಂಶೋಧನೆ ಬೆಳೆದಂತೆ ಈ ಹೆಸರುಗಳೂ ಬದಲಾಗುತ್ತವೆ. ಅಕೇಶಿಯ ಎಂಬ ಹೆಸರು ಆಸ್ಟ್ರೇಲಿಯದ ಗುಂಪಿಗೆ ಉಳಿದಿದ್ದರಿಂದ ನಮ್ಮ ಕರಿಜಾಲಿ ಈಗ ವ್ಯಾಚೆಲಿಯ ನಿಲೋಟಿಕ. 2022ರ ವಿಂಗಡಣೆಯಲ್ಲಿ ಬಳ್ಳಾರಿ ಜಾಲಿ ನೆಲ್ಟುಮ ಕುಲಕ್ಕೆ ಹೋಯಿತು, ಬನ್ನಿ ಪ್ರೊಸೋಪಿಸ್ ಕುಲದಲ್ಲೇ ಉಳಿಯಿತು. ಹಳೆಯ ಪುಸ್ತಕ ನೋಡುವವರು ಎರಡೂ ಹೆಸರುಗಳನ್ನು ತಿಳಿದಿರಬೇಕು.

ಅಧ್ಯಯನ ಗ್ರಂಥಗಳು

ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದರಿಂದ ಈ ಭಾಗದ ಸಸ್ಯಗಳಿಗೆ ಥಿಯೊಡೋರ್ ಕುಕ್ 1901ರಿಂದ 1908ರವರೆಗೆ ಹೊರತಂದ ಮುಂಬಯಿ ಪ್ರಾಂತ್ಯದ ಸಸ್ಯಸಂಪತ್ತಿನ ಗ್ರಂಥ ಇಂದಿಗೂ ಮುಖ್ಯ ಆಧಾರ. ಮರಗಳಿಗೆ ಅರಣ್ಯಾಧಿಕಾರಿ ಟಾಲ್ಬಟ್‌ನ 1909-11ರ ಸಂಪುಟಗಳಿವೆ. ಸಿ. ಜೆ. ಸಲ್ಡಾನ ಅವರ ಕರ್ನಾಟಕ ಸಸ್ಯಸಂಪತ್ತಿನ ಸಂಪುಟಗಳು 1984 ಮತ್ತು 1996ರಲ್ಲಿ ಪ್ರಕಟವಾದವು. ಕನ್ನಡ ಓದುಗರಿಗೆ ಸಸ್ಯಗಳ ಗುರುತಿನಲ್ಲಿ ಆಸಕ್ತಿ ಮೂಡಿಸಿದ ಕೃತಿ ಬಿ. ಜಿ. ಎಲ್. ಸ್ವಾಮಿಯವರ 'ಹಸುರು ಹೊನ್ನು'. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. ಹತ್ತಿರದ ವಿದ್ಯಾಕೇಂದ್ರಗಳೆಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗ ಮತ್ತು ಶಿರಸಿಯ ಅರಣ್ಯ ಮಹಾವಿದ್ಯಾಲಯ.

ದಾಖಲಿಸುವ ಕ್ರಮ

ಗುರುತು ಸಿಗದ ಸಸ್ಯದ ಚಿತ್ರ ತೆಗೆಯುವಾಗ ಇಡೀ ಗಿಡ, ತೊಗಟೆ, ರೆಂಬೆಯ ಮೇಲೆ ಎಲೆಯ ಜೋಡಣೆ, ಎಲೆಯ ಎರಡೂ ಮೈ, ಹೂವಿನ ಮುಂಭಾಗ ಮತ್ತು ಬುಡ, ಕಾಯಿ - ಇಷ್ಟೂ ಬೇಕು. ದಿನಾಂಕ, ಊರು, ಮಣ್ಣು, ಎತ್ತರ, ಹೂವಿನ ಬಣ್ಣ, ವಾಸನೆಗಳನ್ನು ಅಲ್ಲೇ ಬರೆಯಬೇಕು. ಒಣಗಿದ ಮೇಲೆ ಬಣ್ಣ ಉಳಿಯದು. ಮಾದರಿ ಸಂಗ್ರಹಿಸುವುದಾದರೆ ಹೂ ಅಥವಾ ಕಾಯಿಯಿರುವ ಒಂದು ಚಿಕ್ಕ ರೆಂಬೆಯನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿಟ್ಟು, ಕಾಗದವನ್ನು ದಿನವೂ ಬದಲಿಸಿ ಒಣಗಿಸಿ, ಸುಮಾರು 42 ಸೆಂ.ಮೀ. ಉದ್ದ 28 ಸೆಂ.ಮೀ. ಅಗಲದ ಹಾಳೆಗೆ ಅಂಟಿಸುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದ ಕೋಟೆಯಲ್ಲಿ 2006ರಲ್ಲಿ ಘೋಷಿತವಾದ ನವಿಲುಧಾಮದಂಥ ರಕ್ಷಿತ ಸ್ಥಳಗಳಲ್ಲಿಯೂ ಮೀಸಲು ಅರಣ್ಯದಲ್ಲಿಯೂ ಅನುಮತಿಯಿಲ್ಲದೆ ಏನನ್ನೂ ಕೀಳಬಾರದು. ಚಿತ್ರ ಮತ್ತು ಟಿಪ್ಪಣಿ ಸಾಕು.

ಮೊಬೈಲಿನಲ್ಲಿ ಚಿತ್ರ ನೋಡಿ ಹೆಸರು ಸೂಚಿಸುವ ತಂತ್ರಾಂಶಗಳು ಕುಲದ ಮಟ್ಟದವರೆಗೆ ದಾರಿ ತೋರಿಸಬಲ್ಲವು. 2008ರಲ್ಲಿ ಆರಂಭವಾದ ಭಾರತ ಜೀವವೈವಿಧ್ಯ ಜಾಲತಾಣದಲ್ಲಿ ಚಿತ್ರ ಹಾಕಿದರೆ ತಿಳಿದವರು ಪರಿಶೀಲಿಸುತ್ತಾರೆ. ಹೀಗೆ ಸಿಕ್ಕ ಹೆಸರನ್ನು ಗ್ರಂಥದ ವಿವರಣೆಯೊಡನೆ ಲಕ್ಷಣ ಲಕ್ಷಣವಾಗಿ ಹೋಲಿಸಿ ನೋಡುವವರೆಗೆ ಅದನ್ನು ಊಹೆಯೆಂದೇ ಇಟ್ಟುಕೊಳ್ಳಬೇಕು. ತಿನ್ನುವ ಅಥವಾ ಔಷಧಕ್ಕೆ ಬಳಸುವ ಗಿಡದ ವಿಷಯದಲ್ಲಂತೂ ತಂತ್ರಾಂಶದ ಮಾತೊಂದನ್ನೇ ನಂಬಬಾರದು.

ಗಾಯರಾಣ ಕಿರಿದಾಗುತ್ತಿದೆ, ಹೊಲದ ಬದುಗಳ ಮೇಲಿನ ಮರಗಳು ಕಡಿಮೆಯಾಗುತ್ತಿವೆ, ಅವುಗಳ ಹೆಸರು ಬಲ್ಲ ಹಿರಿಯರೂ ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಈ ನಾಲ್ಕು ಸೀಮೆಗಳ ಪ್ರತಿ ಶಾಲೆಯೂ ತನ್ನ ಊರಿನ ಮರಗಳ ಪಟ್ಟಿಯೊಂದನ್ನು ಸ್ಥಳೀಯ ಹೆಸರು, ಶಾಸ್ತ್ರೀಯ ಹೆಸರು, ನೆಲೆ, ಹೂ ಬಿಡುವ ಕಾಲಗಳೊಂದಿಗೆ ಮಕ್ಕಳ ಕೈಯಿಂದಲೇ ಬರೆಸಿ ಇಟ್ಟುಕೊಳ್ಳಬೇಕು. ಆ ಕೆಲಸಕ್ಕೆ ಹಣ ಬೇಕಿಲ್ಲ; ಊರಿನ ಹಿರಿಯರನ್ನು ಕೇಳಿ ಬರೆದುಕೊಳ್ಳುವ ತಾಳ್ಮೆ ಬೇಕು, ಅದನ್ನು ಈಗಲೇ ಆರಂಭಿಸಬೇಕು.